ವಿಶ್ವವಿದ್ಯಾನಿಲಯಕ್ಕೆ ನೆಲೆ ಎಲ್ಲಿ?

ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿಯೇ ಏಕೆ ನೆಲೆಸಿತು? ಅದನ್ನು ಕಲ್ಪಿಸಿದ ಜಮ್ಷೆಟ್‌ಜಿ ಟಾಟಾ ಅವರ ಉದ್ಯಮಗಳ ಕೇಂದ್ರ ಮುಂಬಯಿ. ೧೮೯೮ರ ಕೊನೆಯ ದಿನ ಆ ಯೋಜನೆಯನ್ನು ಲಾರ್ಡ್ ಕರ್ಜನ್ನರ ಮುಂದಿಟ್ಟಾಗ, ಅದು ಯಾವ ಊರಿಗೆ ಸೇರಬೇಕೆಂಬುದು ಇತ್ಯರ್ಥವಾಗಿರಲಿಲ್ಲ. ಆರ್ಗಾನ್, ನಿಯಾನ್ ಮೊದಲಾದ ಅನಿಲಗಳ ಶೋಧದಿಂದ ಪ್ರಖ್ಯಾತರಾಗಿದ್ದ ಸರ್ ವಿಲಿಯಂ ರಾಮ್ಸೇ ಅವರನ್ನು ಭಾರತಕ್ಕೆ ಕರೆಸಲಾಯಿತು. ಅವರು ದೇಶದಲ್ಲಿ ಸಂಚರಿಸಿ, ಸ್ಥಳಗಳನ್ನು ಕಣ್ಣಾರೆ ಕಂಡು, ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ಊರಿನ ಹವೆ ಹಿತಕರವಾದುದು. ಮೈಸೂರು ಸಂಸ್ಥಾನವು ೩೭೧ ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಟಾಟಾ ಅವರು ೧೯೦೪ರಲ್ಲಿಯೇ ತೀರಿಕೊಂಡರು. ಸಂಸ್ಥೆಗೆ ಸರ್ಕಾರದ ಅಧಿಕೃತ ಆಜ್ಞೆ ಹೊರಟದ್ದು ೧೯೦೯ರಲ್ಲಿ, ವಿದ್ಯಾರ್ಥಿಗಳು ಬಂದದ್ದು ೧೯೧೧ರಲ್ಲಿ.

ಒಬ್ಬ ವಿದ್ವಾಂಸರ ಪ್ರವಾಸ, ಒಂದು ಸಂಸ್ಥಾನದ ಔದಾರ್ಯ: ಅಂದಿನ ನಿರ್ಣಯಕ್ಕೆ ಮುಖ್ಯವಾಗಿ ಇವೆರಡೇ ಆಧಾರ. ಇಂದಾದರೆ ಹಾಗೆ ನಡೆಯಲಾರದು. ಹೊಸ ವಿಶ್ವವಿದ್ಯಾನಿಲಯವೊಂದು ಮಂಜೂರಾಯಿತೆಂದರೆ ಪ್ರತಿಯೊಂದು ಊರೂ ‘ನಮ್ಮಲ್ಲಿಗೇ ಬರಲಿ’ ಎಂದು ಮನವಿ ಸಲ್ಲಿಸುತ್ತದೆ. ಸರ್ಕಾರವು ಸಮಿತಿಯನ್ನು ನೇಮಿಸುತ್ತದೆ. ಸಮಿತಿಯು ಕೋಷ್ಟಕವೊಂದನ್ನು ರಚಿಸಿ, ಊರುಗಳಿಗೆ ಅಂಕಗಳನ್ನು ಕೊಟ್ಟು, ಗುಣಿಸಿ ಕೂಡಿ, ಹೆಚ್ಚು ಅಂಕ ಬಂದ ಊರನ್ನು ಶಿಫಾರಸು ಮಾಡುತ್ತದೆ. ಈ ಬಗೆಯ ಲೆಕ್ಕಗಳನ್ನು ಅನೇಕ ಮಾನದಂಡಗಳ ನಿರ್ಣಯ ವಿಧಾನಗಳೆಂದು ಕರೆಯುತ್ತಾರೆ. ಇವುಗಳ ಬಗೆ ಎಂತಹುದು, ಇವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ.

ದಾರ ಮತ್ತು ಬಟ್ಟುಗಳ ಯಂತ್ರ

ಮೊದಲು ಸುಲಭವಾದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ನಮಗೆ ಬೇಕಾದುದು ಒಂದೇ ಸಂಗತಿ ಎಂದಿಟ್ಟುಕೊಳ್ಳಿ: ಎಲ್ಲ ವಿದ್ಯಾರ್ಥಿಗಳೂ ನಡೆಸುವ ಪ್ರಯಾಣದ ಒಟ್ಟು ಮೊತ್ತ ಆದಷ್ಟು ಕಡಿಮೆಯಾಗಬೇಕು. ಇದಕ್ಕೆ ಉತ್ತರ ಕೊಡಬಲ್ಲ ಸರಳವಾದ ಒಂದು ಉಪಕರಣವುಂಟು. ಅದಕ್ಕೆ ಫ್ರೆಂಚ್ ಗಣಿತಜ್ಞ ವರಿಗ್ನಾನನ ಹೆಸರಿದೆ. ಕೈಗಾರಿಕೆಗಳ ನೆಲೆಯನ್ನು ಕುರಿತು ೧೯೦೯ರಲ್ಲಿ ಪ್ರಕಟವಾದ ಆಲ್‌ಫ್ರೆಡ್ ವೇಬರನ ಗ್ರಂಥದಿಂದಾಗಿ ಇದು ಅರ್ಥಶಾಸ್ತ್ರಜ್ಞರಿಗೂ ಪರಿಚಿತವಾಯಿತು. ಒಂದು ಹಲಗೆಯ ಮೇಲೆ ನಾಡಿನ ನಕ್ಷೆಯನ್ನು ಅಂಟಿಸಿ, ಪ್ರತಿ ಊರಿನ ಜಾಗದಲ್ಲಿಯೂ ಒಂದೊಂದು ತೂತು ಕೊರೆಯಬೇಕು. ಪ್ರತಿ ತೂತಿನಿಂದಲೂ ಒಂದೊಂದು ದಾರವನ್ನು ಕೆಳಕ್ಕೆ ಬಿಟ್ಟು, ಅದರ ತುದಿಗೆ ಆ ಊರಿನ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕ ತೂಕದ ಬಟ್ಟನ್ನು ಕಟ್ಟಬೇಕು. ದಾರಗಳ ಮೇಲಿನ ತುದಿಗಳನ್ನೆಲ್ಲ ಒಂದೇ ಗಂಟಾಗಿ ಬಿಗಿದು ಕೈಬಿಟ್ಟರೆ, ಗಂಟು ಅತ್ತಿತ್ತ ಸರಿದು ಒಂದು ಬಿಂದುವಿನಲ್ಲಿ ನಿಲ್ಲುತ್ತದೆ. ಘರ್ಷಣೆಯನ್ನು ಗಣಿಸದಿದ್ದರೆ, ಪ್ರಯಾಣದ ಮೊತ್ತ ಕನಿಷ್ಠವಾಗಿರುವ ಸ್ಥಳ ಅದೇ. ಬಟ್ಟುಗಳು ತಮ್ಮಿಂದಾದಷ್ಟು ಕೆಳಕ್ಕೆ ಇಳಿಯುತ್ತವೆ. ಅವು ಇಳಿದಷ್ಟೂ ಹಲಗೆಯ ಮೇಲಿನ ದಾರ ಮೊಟಕಾಗುತ್ತದೆ. ಪ್ರಕೃತಿಯೇ ಇಲ್ಲಿ ನಮ್ಮ ಪರವಾಗಿ ಲೆಕ್ಕ ಮಾಡಿಕೊಡುತ್ತದೆ.

ಆದರೆ ಈ ನ್ಯಾಯ ಎಂತಹ ನ್ಯಾಯ? ಒಂದೇ ರಸ್ತೆಯ ಮೇಲೆ ಮೂರು ಊರುಗಳಿವೆಯೆನ್ನೋಣ. ಮೊದಲನೆಯದರಲ್ಲಿ ೫೦೦ ವಿದ್ಯಾರ್ಥಿಗಳು. ಅಲ್ಲಿಂದ ೪೦ ಕಿಲೋಮೀಟರಿನಲ್ಲಿ ಎರಡನೆಯದು, ೧೦೦ ಕಿಲೋಮೀಟರಿನಲ್ಲಿ ಮೂರನೆಯದು. ಇವೆರಡರಲ್ಲಿಯೂ ತಲಾ ೨೦೦ ವಿದ್ಯಾರ್ಥಿಗಳು. ಗಂಟು ಮೊದಲನೆಯ ಊರಿಗೇ ಹೋಗಿ ಕೂರುತ್ತದೆ. ಒಂದು ಕಡೆ ೫೦೦ರ ಎಳೆತ, ಇನ್ನೊಂದು ಕಡೆ ೪೦೦ರ ಎಳೆತ. ಮೂರನೆಯ ಊರನ್ನು ೧೦೦ರಿಂದ ೩೦೦ ಕಿಲೋಮೀಟರಿಗೆ ಸರಿಸಿದರೂ ಗಂಟು ಕದಲುವುದಿಲ್ಲ. ಏಕೆಂದರೆ ದಾರದ ಬಿಗಿತ ಬಟ್ಟಿನ ತೂಕವನ್ನು ಅವಲಂಬಿಸಿದೆಯೇ ಹೊರತು ದಾರದ ಉದ್ದವನ್ನಲ್ಲ. ದೂರದಲ್ಲಿರುವವನಿಗೆ, ಅವನು ದೂರದಲ್ಲಿದ್ದಾನೆಂಬ ಕಾರಣದಿಂದ, ಈ ಯಂತ್ರದಲ್ಲಿ ಹೆಚ್ಚಿನ ದನಿಯಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮನೆ ಸೇರಲಾಗದೆಂದು ಓದನ್ನೇ ನಿಲ್ಲಿಸುವ ಹೆಣ್ಣುಮಗಳು ಆ ಮೂರನೆಯ ಊರಿನವಳಾಗಿರಬಹುದು. ಅವಳ ಪರವಾಗಿ ಯೋಚಿಸುವವರು ‘ಅತ್ಯಂತ ದೂರದವರ ಪ್ರಯಾಣ ಕನಿಷ್ಠವಾಗಲಿ’ ಎನ್ನುವರು. ಆಗ ಉತ್ತರ ೫೦ನೆಯ ಕಿಲೋಮೀಟರು. ಪ್ರಯಾಣದ ಮೊತ್ತ ೨೮,೦೦೦ದಿಂದ ೩೭,೦೦೦ಕ್ಕೆ ಏರುತ್ತದೆ; ಆದರೆ ಯಾರೊಬ್ಬರೂ ೫೦ ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕಾಗಿಲ್ಲ. ದೂರವೆಂಬ ಒಂದೇ ಮಾನದಂಡದಲ್ಲಿಯೂ ಎರಡು ಉತ್ತರಗಳು. ಎರಡೂ ಗಣಿತದ ದೃಷ್ಟಿಯಿಂದ ನಿರ್ದುಷ್ಟ.

ಕೂಡಲಾಗದುದನ್ನು ಕೂಡುವುದು

ವಿಶ್ವವಿದ್ಯಾನಿಲಯಕ್ಕೆ ದೂರವೊಂದೇ ಸಾಲದು. ನೆಲ ಬೇಕು, ನೀರು ಬೇಕು, ರಸ್ತೆ ರೈಲು ಬೇಕು. ಅಧ್ಯಾಪಕರು ಸಂಸಾರಸಮೇತ ನೆಲೆಸುವಂತೆ ಶಾಲೆ, ಆಸ್ಪತ್ರೆಗಳು ಬೇಕು. ಆ ಸೀಮೆಗೆ ಉನ್ನತ ಶಿಕ್ಷಣದ ಅಗತ್ಯವೂ ಇರಬೇಕು. ‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬಂತೆ ಇವು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಎಕರೆಯನ್ನು ಲೀಟರಿಗೆ ಕೂಡಬಾರದೆಂದು ನಾವು ತರಗತಿಯಲ್ಲಿ ಮೊದಲ ವಾರವೇ ಹೇಳಿಕೊಡುತ್ತೇವೆ. ಹಾಗಿದ್ದರೂ ಕೂಡಲೇಬೇಕಾದ ಸಂದರ್ಭವಿದು.

ಇಂತಹ ಕಷ್ಟಕ್ಕೆ ೧೭೭೨ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಮಿತ್ರ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರವೊಂದರಲ್ಲಿ ಉಪಾಯ ಹೇಳಿದ್ದನು. ಒಂದು ಹಾಳೆಯಲ್ಲಿ ಗೆರೆಯೆಳೆದು ಒಂದು ಕಡೆ ಅನುಕೂಲಗಳನ್ನೂ ಇನ್ನೊಂದು ಕಡೆ ಪ್ರತಿಕೂಲಗಳನ್ನೂ ಬರೆಯುವುದು. ಕೆಲವು ದಿನ ಯೋಚಿಸಿ, ಒಂದಕ್ಕೊಂದು ಸಮತೂಗುವವನ್ನು ಎರಡೂ ಕಡೆಯಿಂದ ಹೊಡೆದುಹಾಕುವುದು. ಉಳಿದದ್ದು ಯಾವ ಕಡೆಗಿದೆಯೋ ಅದೇ ನಿರ್ಣಯ. ಇಂದಿನ ವಿಧಾನಗಳು ಈ ಹಾಳೆಯ ವಿಸ್ತಾರವೇ ಸರಿ. ಪ್ರತಿಯೊಂದು ಮಾನದಂಡದಲ್ಲಿಯೂ ಪ್ರತಿ ಊರಿಗೆ ಹತ್ತರೊಳಗೆ ಅಂಕ ಕೊಡುವುದು; ಪ್ರತಿ ಮಾನದಂಡಕ್ಕೂ ಅದರ ಮಹತ್ವಕ್ಕೆ ತಕ್ಕ ತೂಕವನ್ನು ಗೊತ್ತುಮಾಡುವುದು; ಅಂಕವನ್ನು ತೂಕದಿಂದ ಗುಣಿಸಿ ಕೂಡುವುದು.

ಉದಾಹರಣೆಗಾಗಿ ನಾವು ಮೂರು ಊರುಗಳನ್ನು ಕಲ್ಪಿಸಿಕೊಳ್ಳೋಣ. ಕೋಟೆಯೂರು ರೈಲುನಿಲ್ದಾಣವುಳ್ಳ ಹಳೆಯ ನಗರ. ಕಾಲೇಜುಗಳು ಈಗಾಗಲೇ ಇವೆ. ಹೊಳೆಯೂರು ನದೀತೀರದ ಸಾಧಾರಣ ಪಟ್ಟಣ. ಬಯಲೂರು ಮಳೆ ಕಡಿಮೆಯಾದ ಸೀಮೆಯ ಊರು. ನೆಲ ಯಥೇಚ್ಛ, ಸುತ್ತ ಬಹುದೂರದವರೆಗೆ ಉನ್ನತ ವಿದ್ಯಾಸಂಸ್ಥೆಯಿಲ್ಲ. ಅಂಕಗಳು ಹೀಗಿರಲಿ:

ನೆಲ: ಕೋಟೆಯೂರು ೩, ಹೊಳೆಯೂರು ೫, ಬಯಲೂರು ೯
ನೀರು: ಕೋಟೆಯೂರು ೬, ಹೊಳೆಯೂರು ೯, ಬಯಲೂರು ೪
ಸಂಚಾರ: ಕೋಟೆಯೂರು ೯, ಹೊಳೆಯೂರು ೬, ಬಯಲೂರು ೪
ಅಧ್ಯಾಪಕರ ವಾಸಸೌಕರ್ಯ: ಕೋಟೆಯೂರು ೯, ಹೊಳೆಯೂರು ೬, ಬಯಲೂರು ೩
ಸೀಮೆಯ ಅಗತ್ಯ: ಕೋಟೆಯೂರು ೨, ಹೊಳೆಯೂರು ೫, ಬಯಲೂರು ೧೦

ಈಗ ತೂಕಗಳು. ಅಧ್ಯಾಪಕರೇ ಸೇರಿದ ಸಮಿತಿಯೊಂದು ಮೇಲಿನ ಕ್ರಮದಲ್ಲಿ ೧೦, ೨೦, ೨೫, ೩೦, ೧೫ ಎಂದು ನೂರನ್ನು ಹಂಚಿತೆನ್ನೋಣ. ಆಗ ಕೋಟೆಯೂರಿಗೆ ೬೭೫, ಹೊಳೆಯೂರಿಗೆ ೬೩೫, ಬಯಲೂರಿಗೆ ೫೧೦ ಅಂಕಗಳು ಬರುತ್ತವೆ. ಕೋಟೆಯೂರಿಗೆ ಜಯ. ಒಣಸೀಮೆಯ ಪ್ರತಿನಿಧಿಗಳು ಸೇರಿದ ಇನ್ನೊಂದು ಸಮಿತಿಯು ೨೦, ೧೫, ೧೫, ೧೦, ೪೦ ಎಂದು ಹಂಚಿದರೆ ಕೋಟೆಯೂರಿಗೆ ೪೫೫, ಹೊಳೆಯೂರಿಗೆ ೫೮೫, ಬಯಲೂರಿಗೆ ೭೩೦. ಬಯಲೂರಿಗೆ ಜಯ. ‘ಜಗಳವೇ ಬೇಡ, ಎಲ್ಲಕ್ಕೂ ಸಮನಾಗಿ ಇಪ್ಪತ್ತಿಪ್ಪತ್ತು ಕೊಡೋಣ’ ಎಂದು ಮೂರನೆಯವರು ಹೇಳಿದರೆ ಕೋಟೆಯೂರಿಗೆ ೫೮೦, ಹೊಳೆಯೂರಿಗೆ ೬೨೦, ಬಯಲೂರಿಗೆ ೬೦೦. ಈ ಸಲ ಹೊಳೆಯೂರಿಗೆ ಜಯ!

ಅಂಕಗಳಲ್ಲಿ ಒಂದೂ ಬದಲಾಗಲಿಲ್ಲ. ನದಿ ಅಲ್ಲಿಯೇ ಹರಿಯಿತು, ರೈಲು ಅಲ್ಲಿಯೇ ನಿಂತಿತು. ಆದರೂ ಮೂರು ಸಮಿತಿಗಳು ಮೂರು ಊರುಗಳನ್ನು ಆರಿಸಿದವು. ‘ವೈಜ್ಞಾನಿಕವಾಗಿ ಲೆಕ್ಕ ಹಾಕಿದಾಗ ಈ ಊರು ಬಂದಿತು’ ಎಂಬ ಮಾತಿನಲ್ಲಿ ಎಷ್ಟು ವಿಜ್ಞಾನ, ಎಷ್ಟು ಅಭಿಪ್ರಾಯ ಎಂಬುದನ್ನು ವಾಚಕರು ಇದರಿಂದ ಊಹಿಸಬಹುದು.

ಹಾಗಾದರೆ ಲೆಕ್ಕವೇ ವ್ಯರ್ಥವೆ?

ಹಾಗೆ ಹೇಳುವುದು ಆತುರದ ಮಾತಾದೀತು. ಲೆಕ್ಕದಿಂದ ನಿಜವಾದ ಪ್ರಯೋಜನ ದೊರೆಯುವುದು ಈ ಹಂತದಿಂದ ಮುಂದೆಯೇ. ಮೊದಲನೆಯ ಸಮಿತಿಯ ತೂಕಗಳನ್ನೇ ಹಿಡಿದು, ‘ಸೀಮೆಯ ಅಗತ್ಯ’ದ ತೂಕವನ್ನು ಮಾತ್ರ ಹದಿನೈದರಿಂದ ಮೆಲ್ಲಮೆಲ್ಲನೆ ಏರಿಸುತ್ತಾ ಹೋಗೋಣ, ಉಳಿದ ನಾಲ್ಕನ್ನು ಅವುಗಳ ಪರಸ್ಪರ ಪ್ರಮಾಣ ಕೆಡದಂತೆ ಇಳಿಸೋಣ. ತೂಕ ೨೫ನ್ನು ಮುಟ್ಟುವವರೆಗೆ ಕೋಟೆಯೂರೇ ಮುಂದಿರುತ್ತದೆ. ೨೫ರಿಂದ ೩೨ರವರೆಗೆ ಹೊಳೆಯೂರು. ೩೨ನ್ನು ದಾಟಿದರೆ ಬಯಲೂರು. ಪ್ರಯೋಗಶಾಲೆಯಲ್ಲಿ ಒಂದು ಪರಿಮಾಣವನ್ನು ಬದಲಿಸುತ್ತಾ ಫಲಿತಾಂಶ ಹೇಗೆ ಸರಿಯುವುದೆಂದು ನೋಡುವಂತೆಯೇ ಇದು. ಇದನ್ನು ಸಂವೇದನಶೀಲತೆಯ ಪರೀಕ್ಷೆ ಎನ್ನುತ್ತಾರೆ.

ಈಗ ವಾದದ ಸ್ವರೂಪವೇ ಬದಲಾಯಿತೆಂಬುದನ್ನು ಗಮನಿಸಬೇಕು. ‘ಕೋಟೆಯೂರೇ, ಬಯಲೂರೇ’ ಎಂಬ ಊರಭಿಮಾನದ ಜಗಳ ಹೋಗಿ, ‘ಹಿಂದುಳಿದ ಸೀಮೆಯ ಅಗತ್ಯಕ್ಕೆ ನೂರರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬೆಲೆ ಕೊಡಬೇಕೆ?’ ಎಂಬ ಸ್ಪಷ್ಟವಾದ ಪ್ರಶ್ನೆ ಎದುರಿಗೆ ನಿಂತಿತು. ಇದಕ್ಕೆ ಗಣಿತ ಉತ್ತರ ಕೊಡಲಾರದು; ನಾಡಿನ ಜನರೂ ಅವರ ಪ್ರತಿನಿಧಿಗಳೂ ಕೊಡಬೇಕು. ಪ್ರಶ್ನೆಯನ್ನು ಇಷ್ಟು ತಿಳಿಯಾಗಿ ಕಡೆದು ತೆಗೆದುಕೊಟ್ಟದ್ದು ಮಾತ್ರ ಗಣಿತವೇ.

ತೂಕಗಳನ್ನು ಗೊತ್ತುಮಾಡುವುದಕ್ಕೂ ಕ್ರಮವಾದ ಮಾರ್ಗಗಳುಂಟು. ಅಮೆರಿಕದ ಗಣಿತಜ್ಞ ತಾಮಸ್ ಸಾಟಿ ೧೯೭೦ರ ದಶಕದಲ್ಲಿ ರೂಪಿಸಿದ ಮಾರ್ಗ ಬಹಳ ಬಳಕೆಯಲ್ಲಿದೆ. ಐದು ಮಾನದಂಡಗಳನ್ನು ಒಟ್ಟಿಗೆ ತೂಗುವುದು ಮನಸ್ಸಿಗೆ ಕಷ್ಟ. ಎರಡೆರಡನ್ನು ಹೋಲಿಸುವುದು ಸುಲಭ. ಆದುದರಿಂದ ಜೋಡಿ ಜೋಡಿಯಾಗಿ ತೆಗೆದುಕೊಂಡು, ಒಂದು ಇನ್ನೊಂದಕ್ಕಿಂತ ಎಷ್ಟು ಮುಖ್ಯವೆಂಬುದನ್ನು ೧ರಿಂದ ೯ರವರೆಗಿನ ಅಂಕಿಯಲ್ಲಿ ಹೇಳಬೇಕು. ಐದು ಮಾನದಂಡಗಳಿಗೆ ಹತ್ತು ಜೋಡಿಗಳಾಗುತ್ತವೆ. ನೀರು ನೆಲಕ್ಕಿಂತ ಎರಡರಷ್ಟು, ನೆಲ ಸಂಚಾರಕ್ಕಿಂತ ಮೂರರಷ್ಟು ಮುಖ್ಯವೆಂದವನು, ನೀರು ಸಂಚಾರಕ್ಕಿಂತ ಆರರಷ್ಟು ಮುಖ್ಯವೆಂದು ಒಪ್ಪಬೇಕು. ಹಾಗೆ ಒಪ್ಪದೆ ‘ಎರಡೂ ಸಮ’ ಎಂದರೆ ಅವನ ಮಾತಿನಲ್ಲಿ ಪೂರ್ವಾಪರ ವಿರೋಧವಿದೆ. ಈ ವಿರೋಧ ಎಷ್ಟೆಂಬುದನ್ನು ಸಾಟಿಯ ವಿಧಾನ ಅಳೆದು ತೋರಿಸುತ್ತದೆ; ಅದು ಹತ್ತನೆಯ ಒಂದು ಭಾಗವನ್ನು ಮೀರಿದರೆ ಮತ್ತೊಮ್ಮೆ ಯೋಚಿಸುವಂತೆ ಹೇಳುತ್ತದೆ.

ಎಚ್ಚರ ತಪ್ಪಿದಲ್ಲಿ

ಆದರೂ ಈ ಲೆಕ್ಕಗಳ ಒಳಗೆ ಕೆಲವು ಹಳ್ಳಗಳಿವೆ. ಮೊದಲನೆಯದು, ಕೂಡುವ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬಿಬಿಡುತ್ತದೆ. ನೀರಿಗೆ ಸೊನ್ನೆ ಬಂದ ಊರು ಸಹ ನೆಲ, ಅಗತ್ಯಗಳ ಬಲದಿಂದ ಗೆಲ್ಲಬಹುದು. ಆದರೆ ನೆಲವನ್ನು ಕುಡಿಯಲಾಗುವುದಿಲ್ಲ. ಫ್ರಾನ್ಸಿನ ಬರ್ನಾರ್ ರುವಾ ೧೯೬೦ರ ದಶಕದಲ್ಲಿ ಬೇರೆಯೇ ಬಗೆಯ ವಿಧಾನವನ್ನು ರೂಪಿಸಿ, ಒಂದು ಮಾನದಂಡದಲ್ಲಿ ತೀರ ಹಿಂದೆ ಬಿದ್ದುದನ್ನು ಉಳಿದ ಅನುಕೂಲಗಳು ಮುಚ್ಚಿಹಾಕದಂತೆ ನಿಷೇಧದ ಅಧಿಕಾರಕ್ಕೆ ಎಡೆಮಾಡಿದನು. ‘ಇಷ್ಟು ನೀರು ಇಲ್ಲದ ಊರನ್ನು ಪಟ್ಟಿಗೆ ಸೇರಿಸುವುದೇ ಇಲ್ಲ’ ಎಂದು ಮೊದಲೇ ಗೆರೆಯೆಳೆಯುವುದು ಇದರ ಸರಳ ರೂಪ.

ಎರಡನೆಯದು, ಒಂದೇ ಗುಣವನ್ನು ಹಲವು ಸಲ ಎಣಿಸುವುದು. ಎಲ್ಲಕ್ಕೂ ಸಮಾನ ತೂಕ ಕೊಟ್ಟಾಗ ಹೊಳೆಯೂರು ಗೆದ್ದಿತಷ್ಟೆ. ಈಗ ಯಾರೋ ಒಬ್ಬರು ‘ಸಂಚಾರ’ವನ್ನು ರೈಲು, ಹೆದ್ದಾರಿ, ವಿಮಾನವೆಂದು ಮೂರಾಗಿ ಒಡೆದು, ಮೂರರಲ್ಲಿಯೂ ಮೊದಲಿನ ಅಂಕಗಳನ್ನೇ ಇಟ್ಟರೆನ್ನೋಣ. ಏಳು ಮಾನದಂಡಗಳ ಸಾದಾ ಮೊತ್ತ ಕೋಟೆಯೂರಿಗೆ ೪೭, ಹೊಳೆಯೂರಿಗೆ ೪೩, ಬಯಲೂರಿಗೆ ೩೮ ಆಗುತ್ತದೆ. ತೂಕಗಳು ಇನ್ನೂ ಸಮವೇ; ಆದರೆ ಗೆಲುವು ನಗರದ ಪಾಲಾಯಿತು. ಸಮಾನ ತೂಕವೆಂಬುದು ನಿಷ್ಪಕ್ಷಪಾತವಲ್ಲ. ಪಟ್ಟಿಯನ್ನು ಬರೆದವನ ಪಕ್ಷಪಾತ ಅದರಲ್ಲಿ ಅಡಗಿರಬಹುದು.

ಮೂರನೆಯದು ಇನ್ನೂ ವಿಚಿತ್ರ. ಅಂಕಗಳನ್ನು ನೇರವಾಗಿ ಕೂಡದೆ, ಪ್ರತಿ ಮಾನದಂಡದಲ್ಲಿಯೂ ಊರುಗಳ ಅಂಕಗಳ ಮೊತ್ತವನ್ನು ೧ ಎಂದಿಟ್ಟು, ಪ್ರತಿ ಊರಿನ ಪಾಲೆಷ್ಟೆಂದು ಹಂಚುವ ಕ್ರಮವೊಂದುಂಟು. ಸಮಾನ ತೂಕಗಳೊಡನೆ ಹೀಗೆ ಮಾಡಿದಾಗ ಹೊಳೆಯೂರಿಗೆ ೦.೩೪೨, ಬಯಲೂರಿಗೆ ೦.೩೪೧ ಬರುತ್ತದೆ, ಹೊಳೆಯೂರು ಕೂದಲೆಳೆಯಷ್ಟು ಮುಂದು. ಈಗ ಪಟ್ಟಿಗೆ ನಾಲ್ಕನೆಯ ಊರೊಂದನ್ನು ಸೇರಿಸೋಣ. ಅದು ಎಲ್ಲ ವಿಧದಲ್ಲಿಯೂ ಹೊಳೆಯೂರಿನ ಪಡಿಯಚ್ಚು. ಮತ್ತೆ ಲೆಕ್ಕ ಹಾಕಿದರೆ ಹೊಳೆಯೂರಿಗೆ ೦.೨೫೩, ಬಯಲೂರಿಗೆ ೦.೨೫೮! ಅವಳಿಯೊಂದು ಬಂದು, ಹೊಳೆಯೂರು ಬಲವಾಗಿದ್ದ ಕಡೆಗಳಲ್ಲಿ ಅದರ ಪಾಲನ್ನು ಕಿತ್ತುಕೊಂಡಿತು. ಬಯಲೂರಿನ ಯೋಗ್ಯತೆ ಎಳ್ಳಷ್ಟೂ ಹೆಚ್ಚಲಿಲ್ಲ. ಆದರೂ ಅದು ಮೊದಲಾಯಿತು. ಸಾಟಿಯ ಮಾರ್ಗದಲ್ಲಿಯೂ ಇಂತಹ ತಿರುವುಮುರುವು ಸಂಭವಿಸುವುದೆಂದು ಬೆಲ್ಟನ್ ಮತ್ತು ಗಿಯರ್ ೧೯೮೩ರಲ್ಲಿ ತೋರಿಸಿಕೊಟ್ಟರು. ಆ ಚರ್ಚೆ ಬಹುಕಾಲ ನಡೆಯಿತು.

ನಾಲ್ಕನೆಯ ಹಳ್ಳ ಕೋಷ್ಟಕದ ಹೊರಗಿನದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ತನ್ನ ಹತ್ತನೆಯ ಶಾಖೆಗಾಗಿ, ಉನ್ನತ ಶಿಕ್ಷಣದಲ್ಲಿ ಹಿಂದುಳಿದಿದ್ದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಹಲವು ಸ್ಥಳಗಳನ್ನು ಪರಿಶೀಲಿಸಿ, ೧೯೯೫ರಲ್ಲಿ ಮರ್ಸೆಡ್ ಪಟ್ಟಣದ ಬಳಿಯ ನೆಲವನ್ನು ಆರಿಸಿತು. ಆ ಹುಲ್ಲುಗಾವಲಿನಲ್ಲಿ ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಗುಂಡಿಗಳಿದ್ದುವು. ಅವುಗಳಲ್ಲಿ ಅಪರೂಪದ, ಸೀಗಡಿಯ ಜಾತಿಗೆ ಹತ್ತಿರವಾದ ಪುಟ್ಟ ಜೀವಿಗಳು ವಾಸಿಸುತ್ತಿದ್ದುವು. ಅವುಗಳ ರಕ್ಷಣೆಯ ಪ್ರಶ್ನೆ ಎದ್ದು, ಕಟ್ಟಡಗಳ ಜಾಗವನ್ನು ಬದಲಾಯಿಸಬೇಕಾಯಿತು. ಶಾಖೆ ಬಾಗಿಲು ತೆರೆದದ್ದು ೨೦೦೫ರಲ್ಲಿ. ಎಂತಹ ನಿರ್ದುಷ್ಟವಾದ ಗುಣಾಕಾರವಾದರೂ, ಪಟ್ಟಿಯಲ್ಲಿ ಬರೆಯದೆ ಬಿಟ್ಟುದನ್ನು ಕಾಣಲಾರದು.

ನಮ್ಮ ನಾಡಿನ ಅಳತೆ

ಸೀಮೆಯ ಅಗತ್ಯವನ್ನು ಅಂಕಿಗಳಲ್ಲಿ ಹಿಡಿಯಲು ಸಾಧ್ಯವೆ ಎಂದು ಕೆಲವರು ಕೇಳಬಹುದು. ಅರ್ಥಶಾಸ್ತ್ರಜ್ಞರಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಿದ ವರದಿ ಇಂತಹ ಪ್ರಯತ್ನವೇ. ೩೫ ಸೂಚಕಗಳನ್ನು ಕಲೆಹಾಕಿ ಅಂದಿನ ೧೭೫ ತಾಲ್ಲೂಕುಗಳನ್ನು ತೂಗಿನೋಡಿ, ೧೧೪ ತಾಲ್ಲೂಕುಗಳು ಹಿಂದುಳಿದವೆಂದು ಅದು ತೀರ್ಮಾನಿಸಿತು. ಅತ್ಯಂತ ಹಿಂದುಳಿದ ೩೯ರಲ್ಲಿ ೨೧ ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದುವು.

ಮುಂದೆ ೨೦೧೫ರಲ್ಲಿ, ರಾಜ್ಯಕ್ಕೆ ಭಾರತೀಯ ತಂತ್ರಜ್ಞಾನ ಸಂಸ್ಥೆಯೊಂದು ಬರುವುದೆಂದಾದಾಗ, ಧಾರವಾಡ, ರಾಯಚೂರು, ಮೈಸೂರು ಎಂಬ ಮೂರು ಹೆಸರುಗಳು ಮುಂದೆ ಬಂದುವು. ಆಯ್ಕೆಯಾದದ್ದು ಧಾರವಾಡ, ೨೦೧೬ರಲ್ಲಿ ಅಲ್ಲಿ ತರಗತಿಗಳು ಆರಂಭವಾದುವು. ರಾಯಚೂರಿನ ಜನ ಪ್ರತಿಭಟಿಸಿದರು. ಅನಂತರ ಅಲ್ಲಿಗೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಬಂದಿತು. ಯಾವ ಊರು ಸರಿಯೆಂದು ತೀರ್ಪು ಕೊಡುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಎರಡೂ ಕಡೆಯವರ ವಾದಗಳನ್ನು ನಮ್ಮ ಕೋಷ್ಟಕದಲ್ಲಿಟ್ಟು ನೋಡಿದರೆ, ಅವರು ಅಂಕಗಳನ್ನು ಕುರಿತು ಅಷ್ಟಾಗಿ ಭಿನ್ನಮತರಲ್ಲ, ತೂಕಗಳನ್ನು ಕುರಿತು ಭಿನ್ನಮತರೆಂಬುದು ತಿಳಿಯುತ್ತದೆ.

ಇನ್ನೊಂದು ಮಾತನ್ನು ಹೇಳದೆ ಮುಗಿಸಬಾರದು. ಚಿಕ್ಕ ಬಟ್ಟಲಿನ ಬಿಸಿನೀರಿಗೆ ದೊಡ್ಡ ಉಷ್ಣತಾಮಾಪಕವನ್ನು ಅದ್ದಿದರೆ, ಅಳೆಯುವ ವಸ್ತುವೇ ನೀರನ್ನು ತಣಿಸಿಬಿಡುತ್ತದೆ. ವಿಶ್ವವಿದ್ಯಾನಿಲಯವೂ ಹಾಗೆಯೇ, ತಾನು ನೆಲೆಸಿದ ಊರಿನ ಅಂಕಗಳನ್ನು ಅದೇ ಬದಲಿಸುತ್ತದೆ. ಅಧ್ಯಾಪಕರ ಸಂಸಾರಗಳು ಬಂದಲ್ಲಿ ಶಾಲೆ ಆಸ್ಪತ್ರೆಗಳು ಬರುತ್ತವೆ, ರೈಲು ನಿಲ್ಲತೊಡಗುತ್ತದೆ. ಬೆಂಗಳೂರು ವಿಜ್ಞಾನನಗರಿಯಾದುದರಿಂದ ಟಾಟಾ ಅವರ ಸಂಸ್ಥೆ ಅಲ್ಲಿಗೆ ಬರಲಿಲ್ಲ. ಬೆಂಗಳೂರು ವಿಜ್ಞಾನನಗರಿಯಾಗುವುದಕ್ಕೆ ಆ ಸಂಸ್ಥೆ ಬಂದುದೂ ಒಂದು ಕಾರಣ. ಆದುದರಿಂದ ಇಂದಿನ ಅಂಕಗಳನ್ನಷ್ಟೇ ನೋಡಿ ಆರಿಸಿದರೆ, ಇದ್ದವರಿಗೇ ಮತ್ತಷ್ಟು ಕೊಟ್ಟಂತಾಗುವುದು. ಇಪ್ಪತ್ತೈದು ವರ್ಷಗಳ ಅನಂತರದ ಅಂಕಗಳನ್ನು ಊಹಿಸಿ ಇನ್ನೊಂದು ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ವಿವೇಕ.

ಹೀಗಿರುವಾಗ, ಮುಂದೆ ಸಮಿತಿಯೊಂದು ಸ್ಥಳನಿರ್ಣಯಕ್ಕೆ ಹೊರಟರೆ ನಾಗರಿಕರಾದ ನಾವು ಏನನ್ನು ಕೇಳಬೇಕು? ‘ನಮ್ಮ ಊರಿಗೆ ಕೊಡಿ’ ಎಂದಲ್ಲ. ಮಾನದಂಡಗಳನ್ನೂ ಅವುಗಳ ತೂಕಗಳನ್ನೂ ಊರುಗಳ ಹೆಸರು ಹೊರಬೀಳುವುದಕ್ಕೆ ಮೊದಲೇ ಪ್ರಕಟಿಸಿರಿ ಎಂದು ಕೇಳಬೇಕು. ಯಾವ ತೂಕ ಎಷ್ಟು ಸರಿದರೆ ಉತ್ತರ ಬದಲಾಗುವುದೆಂದು ವರದಿಯಲ್ಲಿ ತಿಳಿಸಿರಿ ಎಂದು ಕೇಳಬೇಕು. ಸಂತೆಯಲ್ಲಿ ಧಾನ್ಯವನ್ನು ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ಮಾತ್ರವಲ್ಲದೆ ಬಟ್ಟುಗಳನ್ನೂ ಕೈಯಲ್ಲಿ ಹಿಡಿದು ನೋಡುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಅಭ್ಯಾಸ ಇಲ್ಲಿಯೂ ಒಳ್ಳೆಯದು.